ಸಾರ್ವಜನಿಕ ಉದ್ಯಾನದ ಮಾಲಿಗಳಿಗೆ ತರಬೇತಿ ಕೊಡುವುದು ಹೇಗೆ?

ಉದ್ಯಾನದ ಕೆಲಸದಲ್ಲಿ ತಪ್ಪು ಮಾಡಿದ ದಿನ ಏನೂ ಕಾಣಿಸುವುದಿಲ್ಲ. ಸಸಿಯನ್ನು ನಾಲ್ಕು ಬೆರಳು ಹೆಚ್ಚು ಆಳಕ್ಕೆ ನೆಟ್ಟರೂ ಅದು ಒಂದೆರಡು ವರ್ಷ ಚಿಗುರುತ್ತಲೇ ಇರುತ್ತದೆ. ಬುಡದ ತೊಗಟೆ ಕೊಳೆತು ಸೊರಗುವುದು ಆಮೇಲೆ. ಕಾಂಡಕ್ಕೆ ಒತ್ತಿ ಕೊಯ್ದ ಕೊಂಬೆಯ ಗಾಯ ಮೊದಲ ವರ್ಷ ಚೊಕ್ಕವಾಗಿಯೇ ಕಾಣುತ್ತದೆ. ಅದು ಪೊಟರೆಯಾಗುವಷ್ಟರಲ್ಲಿ ಕೊಯ್ದವರು ಬೇರೆ ಉದ್ಯಾನಕ್ಕೆ ಹೋಗಿರುತ್ತಾರೆ. ಹೀಗಾಗಿ ಮಾಲಿಗೆ ತನ್ನ ತಪ್ಪಿನಿಂದ ತಾನೇ ಕಲಿಯುವ ಅವಕಾಶ ತೀರ ಕಡಿಮೆ. ಎಷ್ಟೋ ಮಂದಿ ಇಪ್ಪತ್ತು ವರ್ಷ ಒಂದೇ ತಪ್ಪನ್ನು ಶ್ರದ್ಧೆಯಿಂದ ಮಾಡುತ್ತಿರುವುದು ಇದೇ ಕಾರಣಕ್ಕೆ. ವರ್ಷಗಳ ಮೇಲೆ ಕಾಣುವ ಫಲವನ್ನು ಇವತ್ತೇ ಕಣ್ಣಿಗೆ ತೋರಿಸಿಕೊಡುವುದು ತರಬೇತಿಯ ಮೊದಲ ಕೆಲಸ.

ಕೆಳಗಿನ ಕ್ರಮ ಹನ್ನೆರಡು ವಾರಗಳಿಗೆ ಹೊಂದುತ್ತದೆ. ಕೈ ಉಪಕರಣಗಳ ಅಭ್ಯಾಸಕ್ಕೆ ಒಬ್ಬ ತರಬೇತುದಾರರ ಜೊತೆ ಎಂಟು ಮಂದಿಗಿಂತ ಹೆಚ್ಚು ಬೇಡ, ಯಂತ್ರಗಳಿಗೆ ಮೂರು ಮಂದಿ ಸಾಕು. ದಿನದ ಮುಕ್ಕಾಲು ಪಾಲು ಹೊರಗೇ ಕಳೆಯಬೇಕು. ಪಾಠದ ಅನುಕ್ರಮವನ್ನು ಮಾತ್ರ ಬದಲಿಸಬೇಡಿ: ಮೊದಲು ಕಣ್ಣು, ಆಮೇಲೆ ಕೈ ಉಪಕರಣ, ಅನಂತರ ಯಂತ್ರ, ಕೊನೆಗೆ ಔಷಧ. ಮೊದಲ ದಿನವೇ ಬ್ರಷ್ ಕಟರ್ (ಹುಲ್ಲು, ಪೊದೆ ಸವರುವ ಉದ್ದ ಹಿಡಿಯ ಯಂತ್ರ) ಕೈಗೆ ಬಂದರೆ ನೋಡುವ ತಾಳ್ಮೆ ಮತ್ತೆ ಬರುವುದು ಕಷ್ಟ.

ಮೊದಲ ವಾರ: ಬರಿಗೈಯಲ್ಲಿ ನಡಿಗೆ

ಉಪಕರಣ ಯಾವುದೂ ಬೇಡ. ಹಳೆಯ ಉದ್ಯಾನವೊಂದರಲ್ಲಿ ದಿನಕ್ಕೆ ಎರಡು ಗಂಟೆ ನಡೆದು ಹಳೆಯ ತಪ್ಪುಗಳನ್ನು ಹುಡುಕಿಸಿ. ಒಣಗಿ ನಿಂತ ಮೋಟು ಕೊಂಬೆ, ಕಾಂಡದ ಪೊಟರೆ, ಬಿಚ್ಚದೆ ಬಿಟ್ಟು ತೊಗಟೆಯೊಳಗೆ ಹೂತ ಕಟ್ಟುದಾರ, ಕಂಬ ನೆಟ್ಟಂತೆ ನೇರವಾಗಿ ಮಣ್ಣಿಗಿಳಿದ ಕಾಂಡ, ತುದಿ ಬೆಳ್ಳಗಾದ ಹುಲ್ಲು, ಜನ ಅಡ್ಡಹಾಯ್ದು ಗಟ್ಟಿಯಾದ ಕಾಲುದಾರಿ. ಪ್ರತಿಯೊಂದರ ಮುಂದೆ ನಿಂತು ಮೂರು ಪ್ರಶ್ನೆ ಕೇಳಿ: ಏನು ಕಾಣುತ್ತಿದೆ? ಯಾವಾಗ ಆಗಿರಬಹುದು? ಯಾವ ಕೆಲಸದಿಂದ ಆಯಿತು?

ಮರದ ಬುಡದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಬಡಿದ ಗಾಯಗಳ ಬಳಿ ಹೆಚ್ಚು ಹೊತ್ತು ನಿಲ್ಲಿ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಸುತ್ತಲೂ ತೊಗಟೆ ಹೋದರೆ ಬೇರು ಉಪವಾಸ ಬಿದ್ದು ಮರ ಸಾಯುತ್ತದೆ. ಬುಡದ ಸುತ್ತ ಅರ್ಧ ಮೀಟರ್ ಜಾಗದಲ್ಲಿ ಹುಲ್ಲು ತೆಗೆದು ಒಣ ಎಲೆ, ಮರದ ಚೂರಿನಂಥ ಹೊದಿಕೆ ಹಾಕಿದರೆ ಯಂತ್ರ ಅಲ್ಲಿಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಮಣ್ಣು, ನೀರು

ಹಿಡಿ ಮಣ್ಣನ್ನು ಒದ್ದೆ ಮಾಡಿ, ಹಿಟ್ಟಿನಂತೆ ನಾದಿ, ಹೆಬ್ಬೆರಳು ತೋರುಬೆರಳಿನ ನಡುವೆ ಪಟ್ಟಿಯಾಗಿ ಒತ್ತಿಸಿ. ಉಂಡೆಯೇ ಆಗದಿದ್ದರೆ ಮರಳು. ಪಟ್ಟಿ 2.5 ಸೆಂ.ಮೀ. ಆಗುವ ಮೊದಲೇ ಮುರಿದರೆ ಗೋಡು ಮಣ್ಣು, 5 ಸೆಂ.ಮೀ. ದಾಟಿದರೆ ಜೇಡಿ. ನೀರು ಬಸಿಯುತ್ತದೆಯೇ ಎಂದು ನೋಡಲು 30 ಸೆಂ.ಮೀ. ಆಳದ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ. ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ. 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಅಲ್ಲಿ ನೆಟ್ಟದ್ದು ಬೇರು ಕೊಳೆತು ಹೋಗುವ ಸಂಭವವೇ ಹೆಚ್ಚು.

ನೀರಿನ ಲೆಕ್ಕಕ್ಕೆ ಒಂದು ಸೂತ್ರ ಬಾಯಿಪಾಠವಾಗಲಿ: ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ನೀರು ಎಂದರೆ ಒಂದು ಲೀಟರ್. ಸ್ಪ್ರಿಂಕ್ಲರ್ ಎಷ್ಟು ಸುರಿಯುತ್ತದೆಂದು ತಿಳಿಯಲು ನೇರ ಅಂಚಿನ ಎಂಟು ಹತ್ತು ಡಬ್ಬಿಗಳನ್ನು ಹುಲ್ಲಿನ ಮೇಲೆ ಹರಡಿ, ಹದಿನೈದು ನಿಮಿಷ ನೀರು ಬಿಟ್ಟು, ಸ್ಕೇಲಿನಿಂದ ಅಳೆಸಿ. ಸರಾಸರಿ 5 ಮಿ.ಮೀ. ಬಂದರೆ, ವಾರಕ್ಕೆ 25 ಮಿ.ಮೀ. ಬೇಕಾದ ಹುಲ್ಲಿಗೆ ಒಟ್ಟು 75 ನಿಮಿಷ. ಒಂದು ಡಬ್ಬಿಯಲ್ಲಿ ಇನ್ನೊಂದರ ಅರ್ಧದಷ್ಟೂ ಇಲ್ಲದಿದ್ದರೆ ಎಲ್ಲೋ ನಾಜಲ್ ಕಟ್ಟಿದೆ, ಇಲ್ಲವೇ ಸ್ಪ್ರಿಂಕ್ಲರ್‌ಗಳ ಅಂತರ ತಪ್ಪಿದೆ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವ ಅಭ್ಯಾಸವನ್ನು ಮೊದಲು ಬಿಡಿಸಬೇಕು. ಮೇಲ್ಮಣ್ಣಷ್ಟೇ ಒದ್ದೆಯಾದರೆ ಬೇರು ಅಲ್ಲೇ ಉಳಿದು, ಎರಡು ದಿನ ನೀರು ತಪ್ಪಿದರೂ ಹುಲ್ಲು ಒಣಗುತ್ತದೆ. ನೀರು ಹಾಯಿಸಿ ಒಂದೆರಡು ಗಂಟೆಯ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿದಾಗ 15 ಸೆಂ.ಮೀ. ಸಲೀಸಾಗಿ ಇಳಿದರೆ ನೀರು ತಲುಪಿದೆ ಎಂದರ್ಥ. ಜೇಡಿಮಣ್ಣಿನಲ್ಲಿ ನೀರು ಇಂಗುವ ಮೊದಲೇ ಹರಿದುಹೋಗುವುದರಿಂದ ಒಂದೇ ಸರದಿಯನ್ನು ಎರಡು ಮೂರು ಕಂತಾಗಿ ಒಡೆಯಬೇಕು.

ಸಸಿ ನೆಡುವುದು

ಗುಂಡಿ ಬೇರಿನ ಹೆಂಟೆಗಿಂತ ಎರಡು ಮೂರು ಪಟ್ಟು ಅಗಲವಿರಲಿ, ಆಳ ಮಾತ್ರ ಹೆಂಟೆಯಷ್ಟೇ. ಆಳವಾಗಿ ತೋಡಿ ಸಡಿಲ ಮಣ್ಣು ತುಂಬಿದರೆ ಅದು ಕುಸಿದು ಸಸಿ ಕೆಳಗಿಳಿಯುತ್ತದೆ. ನೆಡುವ ಮೊದಲು ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಬಿಚ್ಚಿ, ಸುತ್ತಿಕೊಂಡ ಬೇರುಗಳನ್ನು ಬಿಡಿಸಬೇಕು ಅಥವಾ ಕತ್ತರಿಸಬೇಕು. ಚೀಲದ ಒಳಗೆ ಸುತ್ತಿದ ಬೇರು ನೆಲದಲ್ಲೂ ಸುತ್ತುತ್ತಲೇ ದಪ್ಪವಾಗಿ ಕಾಂಡವನ್ನು ಬಿಗಿಯುತ್ತದೆ. ಕಾಂಡ ಅಗಲವಾಗಿ ಬೇರುಗಳಾಗಿ ಕವಲೊಡೆಯುವ ಜಾಗ ನೆಲದ ಮಟ್ಟದಲ್ಲೇ ಕಾಣಬೇಕು. ನರ್ಸರಿಯಿಂದ ಬಂದ ಸಸಿಗಳಲ್ಲಿ ಅದು ಚೀಲದ ಮಣ್ಣಿನಲ್ಲೇ ಹೂತಿರುವುದುಂಟು. ಹಾಗಾಗಿ ಮೇಲಿನ ಮಣ್ಣನ್ನು ಬೆರಳಿನಿಂದ ಕೆದಕಿ ಮೊದಲ ಬೇರು ಎಲ್ಲಿದೆ ಎಂದು ಹುಡುಕಿದ ಮೇಲೆಯೇ ಗುಂಡಿಯ ಆಳ ನಿರ್ಧರಿಸಿ.

ಹೊದಿಕೆ 5ರಿಂದ 10 ಸೆಂ.ಮೀ. ದಪ್ಪವಿದ್ದರೆ ಸಾಕು. ಕಾಂಡದಿಂದ ಒಂದು ಗೇಣಿನಷ್ಟು ದೂರ ನಿಲ್ಲಬೇಕು, ಕಾಂಡಕ್ಕೆ ಗುಡ್ಡೆ ಹಾಕಿದರೆ ತೊಗಟೆ ಸದಾ ಒದ್ದೆಯಾಗಿ ಕೊಳೆಯುತ್ತದೆ. ಊರುಗೋಲು ಬೇಕೆನಿಸಿದರೆ ಸಸಿಯ ಎತ್ತರದ ಮೂರನೇ ಒಂದು ಭಾಗದಲ್ಲಿ, ಅಗಲವಾದ ಮೆತ್ತನೆಯ ಪಟ್ಟಿಯಿಂದ ಎಂಟರ ಆಕಾರದಲ್ಲಿ ಕಟ್ಟಿ. ಗಾಳಿಗೆ ಕಾಂಡ ತುಸು ಅಲುಗಾಡಬೇಕು, ಅಲುಗಿದಷ್ಟೂ ಅದು ದಪ್ಪವಾಗುತ್ತದೆ. ಕಟ್ಟಿದ ದಿನವೇ ಬಿಚ್ಚುವ ದಿನವನ್ನೂ ದಿನಚರಿಯಲ್ಲಿ ಬರೆಸಿ. ಒಂದು ವರ್ಷಕ್ಕಿಂತ ಹೆಚ್ಚು ಬಿಡಬಾರದು.

ಸವರುವುದು: ಮೂರು ಕೊಯ್ತ

ಇದಕ್ಕೆ ಕನಿಷ್ಠ ಎರಡು ವಾರ ಕೊಡಿ. ಮರ ಗಾಯವನ್ನು ಚರ್ಮದಂತೆ ಮಾಯಿಸಿಕೊಳ್ಳುವುದಿಲ್ಲ. ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ, ಅದನ್ನು ಒಳಗೇ ಮುಚ್ಚಿಹಾಕಿ, ಹೊರಗೆ ಹೊಸ ಮರ ಬೆಳೆಸುತ್ತದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಇದನ್ನು ವಿವರಿಸಿದರು. ಕೊಂಬೆಯ ಬುಡದಲ್ಲಿ ಕಾಂಡ ತುಸು ಉಬ್ಬಿರುವ ಉಂಗುರದಂಥ ಭಾಗವೇ ಆ ಗೋಡೆ ಕಟ್ಟುವ ಜಾಗ. ಈ ಕೊರಳನ್ನು ಬೆರಳಿನಿಂದ ತಡವಿ ಗುರುತಿಸಲು ಬಂದ ಮೇಲೆಯೇ ಗರಗಸ ಕೊಡಿ. ಮೊದಲು ಸುಣ್ಣದ ಕಡ್ಡಿಯಿಂದ ಕೊಯ್ಯಬೇಕಾದ ಗೆರೆ ಎಳೆಯಲಿ, ನೀವು ಒಪ್ಪಿದ ಮೇಲೆ ಕೊಯ್ಯಲಿ. ಹೇಗೂ ತೆಗೆಯಬೇಕಾದ ಮರದ ಮೇಲೆ ತಲಾ ಇಪ್ಪತ್ತು ಕೊಯ್ತದ ಅಭ್ಯಾಸ ಆಗಲಿ.

ಮೊದಲನೆಯದು ಕೆಳಗಿನಿಂದ: ಕಾಂಡದಿಂದ ಸುಮಾರು 30 ಸೆಂ.ಮೀ. ಆಚೆ, ಕೊಂಬೆಯ ದಪ್ಪದ ಮೂರನೇ ಒಂದು ಭಾಗದವರೆಗೆ. ಎರಡನೆಯದು ಮೇಲಿನಿಂದ: ಮೊದಲ ಕೊಯ್ತಕ್ಕಿಂತ ನಾಲ್ಕೈದು ಸೆಂ.ಮೀ. ಹೊರಗೆ, ಕೊಂಬೆ ಬೀಳುವ ತನಕ. ಮೂರನೆಯದು ಉಳಿದ ಮೋಟನ್ನು ಕೈಯಲ್ಲಿ ಆತುಕೊಂಡು, ಕೊರಳಿನ ಹೊರ ಅಂಚಿಗೆ ಸರಿಯಾಗಿ. ಕೆಳಗಿನ ಕೊಯ್ತ ಬಿಟ್ಟರೆ ಕೊಂಬೆ ತನ್ನ ಭಾರಕ್ಕೆ ಬೀಳುವಾಗ ಕಾಂಡದ ತೊಗಟೆಯನ್ನು ಉದ್ದಕ್ಕೂ ಸುಲಿದುಕೊಂಡು ಹೋಗುತ್ತದೆ. ಕೊರಳನ್ನೇ ಕೊಯ್ದರೆ ಗೋಡೆ ಕಟ್ಟಲು ಜಾಗ ಉಳಿಯುವುದಿಲ್ಲ, ಮೋಟು ಬಿಟ್ಟರೆ ಅದು ಸತ್ತು ಕೊಳೆತಕ್ಕೆ ದಾರಿಯಾಗುತ್ತದೆ. ಗಾಯಕ್ಕೆ ಬಣ್ಣ, ಡಾಂಬರು ಯಾವುದೂ ಬೇಡ. ಅದು ತೇವವನ್ನು ಒಳಗೆ ಹಿಡಿದಿಡುತ್ತದೆಯೇ ಹೊರತು ಕೊಳೆತವನ್ನು ತಡೆಯುವುದಿಲ್ಲ.

ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಎತ್ತರ ತಗ್ಗಿಸಲೆಂದು ಮರದ ತಲೆ ಕಡಿಯುವುದಂತೂ ಬೇಡವೇ ಬೇಡ. ಕಡಿದ ಜಾಗದಲ್ಲಿ ಗುಂಪಾಗಿ ಏಳುವ ಚಿಗುರುಗಳು ಮೇಲ್ಪದರಕ್ಕಷ್ಟೇ ಅಂಟಿಕೊಂಡು ಬೆಳೆದು, ದಪ್ಪವಾದ ಮೇಲೆ ಗಾಳಿಗೆ ಮುರಿದು ಜನರ ತಲೆಯ ಮೇಲೆ ಬೀಳುತ್ತವೆ. ನೆಲದಲ್ಲಿ ನಿಂತು ಎಟುಕದ ಕೊಂಬೆ, ವಿದ್ಯುತ್ ತಂತಿಯ ಹತ್ತಿರದ ಕೊಂಬೆ ಈ ತರಬೇತಿಯ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಬೇರೆಯೇ ಪರಿಣತಿ ಬೇಕು.

ಕೈಗತ್ತರಿ ಎರಡು ಸೆಂ.ಮೀ. ದಪ್ಪದವರೆಗೆ ಮಾತ್ರ. ಹರಿತವಾದ ಅಲಗು ಗಿಡದಲ್ಲಿ ಉಳಿಯುವ ಭಾಗದ ಕಡೆಗಿರಬೇಕು, ಜಜ್ಜುವ ಕೊಕ್ಕೆ ತೆಗೆಯುವ ಭಾಗದ ಕಡೆಗೆ. ಸಾಣೆ ಹಿಡಿಯುವುದು ಇಳಿಜಾರಾದ ಒಂದೇ ಬದಿಗೆ. ರೋಗದ ಗಿಡ ಮುಟ್ಟಿದ ಮೇಲೆ 70 ಶೇಕಡ ಆಲ್ಕೋಹಾಲ್‌ನಿಂದ ಅಲಗು ಒರೆಸದೆ ಮುಂದಿನ ಗಿಡಕ್ಕೆ ಹೋಗಬಾರದು. ಬೇಲಿಗಿಡವನ್ನು ಬುಡ ಅಗಲ, ತಲೆ ಕಿರಿದಾಗುವಂತೆ ಕತ್ತರಿಸಬೇಕು. ತಲೆ ಅಗಲವಾದರೆ ಕೆಳಗೆ ಬಿಸಿಲು ಬೀಳದೆ ಬುಡ ಬೋಳಾಗುತ್ತದೆ. ಹೂಗಿಡಗಳಲ್ಲಿ ದಾಸವಾಳದಂತೆ ಹೊಸ ಚಿಗುರಿನಲ್ಲಿ ಹೂ ಬಿಡುವವನ್ನು ಚಿಗುರುವ ಮೊದಲು, ಹಳೆಯ ಕೊಂಬೆಯಲ್ಲಿ ಹೂ ಬಿಡುವವನ್ನು ಹೂ ಮುಗಿದ ಕೂಡಲೇ ಸವರಬೇಕು.

ಹುಲ್ಲುಹಾಸು, ಯಂತ್ರಗಳು

ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. 4 ಸೆಂ.ಮೀ. ಬೇಕಿದ್ದರೆ 6 ಸೆಂ.ಮೀ. ಆದಾಗಲೇ ಕತ್ತರಿಸಬೇಕು. ಬೆಳೆದುಬಿಟ್ಟಿದ್ದರೆ ಮೂರು ನಾಲ್ಕು ದಿನಕ್ಕೊಮ್ಮೆ ಹಂತಹಂತವಾಗಿ ಇಳಿಸಿ. ಮೊಂಡು ಅಲಗು ಹುಲ್ಲನ್ನು ಕತ್ತರಿಸದೆ ಹರಿಯುತ್ತದೆ, ನಡಿಗೆಯ ವಾರದಲ್ಲಿ ಕಂಡ ಬಿಳಿ ತುದಿಗಳಿಗೆ ಅದೇ ಕಾರಣ.

ಯಂತ್ರ ಶುರು ಮಾಡುವ ಮೊದಲು ಇಡೀ ಜಾಗವನ್ನು ನಡೆದು ಕಲ್ಲು, ತಂತಿ, ಗಾಜು ಆರಿಸಬೇಕು. ಸಾರ್ವಜನಿಕ ಜಾಗದಲ್ಲಿ ಚುಚ್ಚುಮದ್ದಿನ ಸೂಜಿಯೂ ಸಿಗುತ್ತದೆ. ಅದನ್ನು ಇಕ್ಕಳದಿಂದ ಎತ್ತಿ ಗಟ್ಟಿ ಡಬ್ಬಿಗೆ ಹಾಕಬೇಕು, ಕೈಗವಸು ಇದ್ದರೂ ಬೆರಳಿನಿಂದ ಮುಟ್ಟಬಾರದು. ಅಲಗಿಗೆ ಸಿಕ್ಕಿದ ಹುಲ್ಲು ಬಿಡಿಸುವಾಗ ಎಂಜಿನ್ ಆರಿಸಿದರಷ್ಟೇ ಸಾಲದು, ಸ್ಪಾರ್ಕ್ ಪ್ಲಗ್‌ನ ತಂತಿಯನ್ನೂ ಕಿತ್ತಿಡಬೇಕು. ಕೈಯಿಂದ ಅಲಗು ತಿರುಗಿಸಿದಾಗಲೂ ಎಂಜಿನ್ ಹತ್ತಿಕೊಳ್ಳಬಹುದು. ಬ್ರಷ್ ಕಟರ್‌ನ ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು. ಮಕ್ಕಳು ಓಡಾಡುವ ಜಾಗವಾದ್ದರಿಂದ ಹಗ್ಗ ಕಟ್ಟಿ, ಕಾವಲಿಗೆ ಇನ್ನೊಬ್ಬರನ್ನು ನಿಲ್ಲಿಸಿಯೇ ಕೆಲಸ ಶುರುವಾಗಬೇಕು.

ಗೊಬ್ಬರ, ಔಷಧದ ಲೆಕ್ಕ

ಯೂರಿಯಾದಲ್ಲಿ ಸಾರಜನಕ 46 ಶೇಕಡ. ಚದರ ಮೀಟರಿಗೆ 5 ಗ್ರಾಂ ಸಾರಜನಕ ಬೇಕೆಂದರೆ 5ನ್ನು 0.46ರಿಂದ ಭಾಗಿಸಿ: ಸುಮಾರು 11 ಗ್ರಾಂ, 100 ಚದರ ಮೀಟರಿಗೆ 1.1 ಕಿಲೋ. ಇದನ್ನು ಎರಡು ಪಾಲು ಮಾಡಿ, ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಎರಚಿಸಿ, ಕೂಡಲೇ ನೀರು ಹಾಯಿಸಿ. ಇಲ್ಲದಿದ್ದರೆ ಹುಲ್ಲಿನಲ್ಲಿ ಸುಟ್ಟ ಪಟ್ಟೆಗಳು ಎದ್ದು ಕಾಣುತ್ತವೆ.

ಬೆನ್ನಿಗೆ ಕಟ್ಟುವ ಸ್ಪ್ರೇಯರ್‌ನ ಅಭ್ಯಾಸ ಬರೀ ನೀರಿನಲ್ಲೇ ನಡೆಯಲಿ. 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗಕ್ಕೆ ಸಹಜ ನಡಿಗೆಯಲ್ಲಿ ಸಿಂಪಡಿಸಿ, ಎಷ್ಟು ನೀರು ಖಾಲಿಯಾಯಿತೆಂದು ಅಳೆಯಿರಿ. 4 ಲೀಟರ್ ಆದರೆ 16 ಲೀಟರಿನ ಟ್ಯಾಂಕು 400 ಚದರ ಮೀಟರಿಗೆ ಸಾಕಾಗುತ್ತದೆ. ಲೇಬಲ್ಲಿನಲ್ಲಿ ಹೆಕ್ಟೇರಿಗೆ ಒಂದು ಲೀಟರ್ ಎಂದಿದ್ದರೆ ಆ ಟ್ಯಾಂಕಿಗೆ 40 ಮಿ.ಲೀ. ಈ ಅಳತೆ ಒಬ್ಬೊಬ್ಬರ ನಡಿಗೆಗೂ ಬೇರೆಯಾಗುವುದರಿಂದ ಪ್ರತಿಯೊಬ್ಬರೂ ತಮ್ಮ ಲೆಕ್ಕ ತಾವೇ ಮಾಡಬೇಕು. ಗಾಳಿ ಇದ್ದಾಗ, ಹೂ ಬಿಟ್ಟು ಜೇನ್ನೊಣ ಬರುತ್ತಿರುವಾಗ ಸಿಂಪಡಣೆ ಇಲ್ಲ. ಸಿಂಪಡಿಸಿದ ಜಾಗಕ್ಕೆ ಫಲಕ ಹಾಕಿ, ಲೇಬಲ್ಲಿನಲ್ಲಿ ಹೇಳಿದ ಅವಧಿ ಮುಗಿಯುವ ತನಕ ಜನರನ್ನು ಬಿಡಬಾರದು. ಔಷಧ ಹಾಕದೆ ಕೈಯಲ್ಲೇ ಹುಳು ಆರಿಸಿ ಮುಗಿಯುವ ಕೆಲಸವಾದರೆ ಅದೇ ಸರಿಯಾದ ದಾರಿ.

ಪರೀಕ್ಷೆ

ಬರವಣಿಗೆಯ ಪರೀಕ್ಷೆ ಬೇಡ. ಒಂದು ಸಸಿ ನೆಡಲಿ, ಮೂರು ಕೊಯ್ತದಲ್ಲಿ ಒಂದು ಕೊಂಬೆ ತೆಗೆಯಲಿ, ಒಂದು ಸ್ಪ್ರಿಂಕ್ಲರ್ ಅಳೆಯಲಿ, ಕತ್ತರಿಗೆ ಸಾಣೆ ಹಿಡಿಯಲಿ. ಯಾಕೆ ಹೀಗೆ ಎಂದು ಕೆಲಸ ಮಾಡುತ್ತಲೇ ವಿವರಿಸಲಿ. ಕೈ ಸರಿಯಿದ್ದು ಕಾರಣ ಹೇಳಲು ಬಾರದವರಿಗೆ ಇನ್ನೊಂದು ವಾರ ಕೊಡಿ.

ಆ ಸಸಿಗೆ ಮತ್ತು ಕೊಯ್ದ ಜಾಗಕ್ಕೆ ಸಂಖ್ಯೆ, ದಿನಾಂಕ ಇರುವ ಚೀಟಿ ಕಟ್ಟಿ. ಆರು ತಿಂಗಳಾದ ಮೇಲೊಮ್ಮೆ, ವರ್ಷವಾದ ಮೇಲೊಮ್ಮೆ ಅದೇ ಮಾಲಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಸಸಿಯ ಬುಡದ ಕವಲು ಈಗಲೂ ಮಣ್ಣಿನ ಮೇಲೆ ಕಾಣುತ್ತಿದೆಯೇ, ಕಟ್ಟು ಬಿಚ್ಚಿದ್ದಾರೆಯೇ ನೋಡಿ. ಆಮೇಲೆ ಗಾಯದ ಸುತ್ತ ಬೆಳೆದ ಹೊಸ ಅಂಚನ್ನು ನೋಡಿ: ಅದು ಬಳೆಯಂತೆ ಸುತ್ತಲೂ ಒಂದೇ ಸಮ ಇದ್ದರೆ ಕೊಯ್ತ ಸರಿಯಾದ ಜಾಗದಲ್ಲಿ ಬಿದ್ದಿದೆ. ಎರಡು ಪಕ್ಕಗಳಲ್ಲಷ್ಟೇ ಉಬ್ಬಿ, ಮೇಲೆ ಕೆಳಗೆ ಏನೂ ಬೆಳೆದಿಲ್ಲವೆಂದರೆ ಕೊರಳು ಕೊಯ್ದುಹೋಗಿದೆ. ಅಂಥವರನ್ನು ಮತ್ತೆ ಸುಣ್ಣದ ಕಡ್ಡಿಯಿಂದಲೇ ಶುರು ಮಾಡಿಸಿ.