ಟೊಕುಯಾಮಾ: ಮೊದಲು ಊರು, ಆಮೇಲೆ ಅಣೆಕಟ್ಟೆ

ಕೆಲಸದ ಮೇಲೆ ಜಪಾನಿನ ನಗೋಯಾಕ್ಕೆ ಹೋದಾಗ ಎರಡು ಬಾರಿ ಟೊಕುಯಾಮಾ ಅಣೆಕಟ್ಟೆಗೆ ಹೋಗಿಬಂದೆ. ನಾನು ಸಿವಿಲ್ ಎಂಜಿನಿಯರ್. ಮೊದಲ ಬಾರಿ ಕಟ್ಟೆಯನ್ನಷ್ಟೇ ನೋಡಿದೆ. ಎರಡನೆಯ ಬಾರಿ ಮೊದಲು ಅದರ ನೀರಿನಡಿ ಮುಳುಗಿದ ಊರಿನ ಕಥೆ ತಿಳಿದೆ, ಆಮೇಲೆ ನೀರು ನೋಡಿದೆ. ಹೋಗುವವರು ಆ ಎರಡನೆಯ ಕ್ರಮವನ್ನೇ ಹಿಡಿಯಲಿ ಎಂಬುದು ನನ್ನ ಆಸೆ.

ಅಣೆಕಟ್ಟೆ ಇರುವುದು ಗಿಫು ಪ್ರಾಂತದಲ್ಲಿ, ಇಬಿ ನದಿಯ ಮೇಲ್ಭಾಗದ ಬೆಟ್ಟಗಳ ನಡುವೆ. ಇಬಿ ನಿಲ್ದಾಣದವರೆಗೆ ರೈಲಿದೆ. ಅಲ್ಲಿಂದ ಮುಂದೆ ಬಸ್ ನಂಬಿಕೊಂಡರೆ ದಿನ ಸಾಲದು. ಎರಡನೆಯ ಬಾರಿ ನಾನು ಓಗಾಕಿಯಲ್ಲಿ ಬಾಡಿಗೆ ಕಾರು ತೆಗೆದುಕೊಂಡೆ. ಅದಕ್ಕೆ ಬೇಕಾದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಹೊರಡುವ ಮೊದಲೇ ನಮ್ಮ ಆರ್‌ಟಿಒ ಕಚೇರಿಯಲ್ಲಿ ಮಾಡಿಸಿಕೊಂಡಿದ್ದೆ. ನಮ್ಮಂತೆಯೇ ಎಡಬದಿಯ ಸಂಚಾರ, ಹಾಗಾಗಿ ಕಷ್ಟವಾಗಲಿಲ್ಲ. 417ನೇ ರಾಷ್ಟ್ರೀಯ ಹೆದ್ದಾರಿ ಸುರಂಗದಿಂದ ಸುರಂಗಕ್ಕೆ ನುಗ್ಗುತ್ತ ಮೇಲೇರುತ್ತದೆ. ಹೋಗುವುದಾದರೆ ಬೆಟ್ಟಗಳು ಕೆಂಪಾಗುವ ನವೆಂಬರ್ ಮೊದಲ ವಾರ ಒಳ್ಳೆಯದು. ಚಳಿಗಾಲದಲ್ಲಿ ಅಲ್ಲಿ ಹಿಮ ಬಹಳ.

ಕಟ್ಟೆ 161 ಮೀಟರ್ ಎತ್ತರ, 427 ಮೀಟರ್ ಉದ್ದ. ಕಾಂಕ್ರೀಟ್ ಗೋಡೆಯಲ್ಲ, ನಡುವೆ ನೀರು ಜಿನುಗದ ಜೇಡಿಮಣ್ಣಿನ ತಿರುಳು, ಎರಡೂ ಬದಿಗೆ ಬಂಡೆಗಳ ರಾಶಿ. ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಇಳಿಜಾರಿನ ತುಂಬ ಬೂದು ಕಲ್ಲು, ಒಂದರ ಮಗ್ಗುಲಿಗೆ ಒಂದು ಒತ್ತಿ ಕೂರಿಸಿದಂತೆ. 2008ರಲ್ಲಿ ಬಳಕೆಗೆ ಬಂದ ಈ ಜಲಾಶಯ ಒಟ್ಟು ಸಂಗ್ರಹದಲ್ಲಿ ಜಪಾನಿಗೇ ದೊಡ್ಡದು: 66 ಕೋಟಿ ಘನ ಮೀಟರ್. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 23 ಟಿಎಂಸಿ ಅಡಿ, ಕೆಆರ್‌ಎಸ್‌ನ ಅರ್ಧಕ್ಕಿಂತ ಕಡಿಮೆ! ಅಲ್ಲಿಯ ನದಿಗಳು ಗಿಡ್ಡ, ಕಣಿವೆಗಳು ಕಡಿದು. ಅಷ್ಟು ನೀರು ಹಿಡಿಯಲು ಅಷ್ಟು ಎತ್ತರ ಬೇಕಾಗುತ್ತದೆ. ಕೆಳಗಿನ ಬಯಲಿನಲ್ಲಿ ಊರ ಸುತ್ತಲೂ ಒಡ್ಡು ಕಟ್ಟಿಕೊಂಡು ನೆರೆಯೊಂದಿಗೆ ಶತಮಾನಗಳ ಕಾಲ ಬಾಳಿದ ಜನರಿದ್ದಾರೆ. ಅವರಿಗೆ ಇದು ನೆರೆಯ ತಡೆ. ಜೊತೆಗೆ ಕುಡಿಯುವ ನೀರು, ವಿದ್ಯುತ್ತು.

ಮೊದಲ ಬಾರಿ ಇಷ್ಟನ್ನು ನೋಡಿ, ಖುದ್ದಾಗಿ ಬಂದವರಿಗೆ ಮಾತ್ರ ಉಚಿತವಾಗಿ ಕೊಡುವ, ಕಟ್ಟೆಯ ಚಿತ್ರ ಮತ್ತು ವಿವರಗಳಿರುವ ‘ಡ್ಯಾಮ್ ಕಾರ್ಡ್’ ಜೇಬಿಗಿಳಿಸಿ ಮರಳಿದ್ದೆ. ಎರಡನೆಯ ಬಾರಿ ನೇರವಾಗಿ ಜಲಾಶಯದ ದಡದಲ್ಲಿರುವ, ಮುಳುಗಿದ ಊರಿನ ಕಥೆ ಹೇಳುವ ಟೊಕುಯಾಮಾ ಕೈಕಾನ್ ಎಂಬ ಭವನಕ್ಕೆ ಹೋದೆ. ತೆರೆದಿರುವ ದಿನವನ್ನು ಮೊದಲೇ ವಿಚಾರಿಸಿಕೊಳ್ಳಿ.

ಟೊಕುಯಾಮಾ ಎಂಟು ಹಳ್ಳಿಗಳ ಗ್ರಾಮ. ಅಣೆಕಟ್ಟೆಯ ಮಾತು ಬಂದದ್ದು 1957ರಲ್ಲಿ. 1987ರಲ್ಲಿ ಗ್ರಾಮವೇ ಆಡಳಿತದ ದಾಖಲೆಯಿಂದ ಅಳಿಯಿತು. 460ಕ್ಕೂ ಹೆಚ್ಚು ಕುಟುಂಬಗಳು ಊರು ಬಿಟ್ಟವು. ಅಲ್ಲಿಯ ರೈತ ಮಹಿಳೆ ಮಸುಯಾಮಾ ತಾಜುಕೊ ಅರವತ್ತನೆಯ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದರು. ಅವರ ಪತಿ ಎರಡನೆಯ ಮಹಾಯುದ್ಧದಲ್ಲಿ ಇಂಫಾಲದ ಕಾಳಗಕ್ಕೆ ಹೋಗಿ ಕಾಣೆಯಾಗಿದ್ದರು. ಎಂದಾದರೂ ಮರಳಿ ಬಂದರೆ ಊರನ್ನು ತೋರಿಸಬೇಕಲ್ಲ ಎಂದು ಅವರು ಮನೆ, ಮರ, ಗದ್ದೆ, ಹಬ್ಬ, ನೆರೆಹೊರೆಯವರು, ಎಲ್ಲವನ್ನೂ ತೆಗೆದರು. ಹೆಚ್ಚುಕಡಿಮೆ ಒಂದು ಲಕ್ಷ ಚಿತ್ರಗಳು. 2006ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದೇ ಸೆಪ್ಟೆಂಬರ್‌ನಲ್ಲಿ ಜಲಾಶಯಕ್ಕೆ ನೀರು ತುಂಬತೊಡಗಿತು.

ಈ ಕಥೆಯನ್ನು ತಿಳಿದುಕೊಂಡು ಜಲಾಶಯ ದಾಟುವ ಸೇತುವೆಯ ನಡುವೆ ನಿಂತಾಗ ನೀರು ಬೇರೆಯಾಗಿಯೇ ಕಂಡಿತು. ದಡದುದ್ದಕ್ಕೂ ಹಸಿರಿಲ್ಲದ ಬೋಳು ಮಣ್ಣಿನ ಪಟ್ಟಿ. ಸಾಗರ ಸೀಮೆಯವನಾದ ನನಗೆ ಅದು ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ಕಾಣುವುದೂ ಅದೇ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ನಮ್ಮ ಅಜ್ಜಿಯ ಮನೆ ಮುಳುಗಡೆಯಾಯಿತು. ಅದರ ಒಂದೇ ಒಂದು ಫೋಟೊ ನಮ್ಮಲ್ಲಿಲ್ಲ.

ಊರಿಗೆ ಬಂದ ಮೇಲೆ ದೊಡ್ಡಮ್ಮನ ಮುಂದೆ ಹಳೆಯ ಕ್ಯಾಲೆಂಡರಿನ ಬೆನ್ನು ಹರಡಿದೆ. ಅವರು ಹೇಳುತ್ತಾರೆ, ನಾನು ಗೆರೆ ಎಳೆಯುತ್ತೇನೆ: ಅಂಗಳ, ಕೊಟ್ಟಿಗೆ, ಬಾವಿ, ಅಡಿಕೆ ತೋಟಕ್ಕಿಳಿಯುವ ಕಾಲುದಾರಿ. ಬಾವಿ ಮನೆಯ ಯಾವ ಬದಿಗಿತ್ತು ಎಂದು ಎರಡು ಸಲ ತಿದ್ದಿಸಿದರು. ಆ ಕೇರಿಯಲ್ಲಿ ಇನ್ನೂ ಏಳು ಮನೆಗಳು ಬಾಕಿ ಇವೆ.