ರೊಟ್ಟಿ ಬಡಿಯುವುದನ್ನು ಗಂಡನಿಗೇ ಬಿಟ್ಟ ಮೇಲೆ

ಸಿಂಧನೂರಿನಲ್ಲಿ ರೊಟ್ಟಿ ಮಾರುವ ಮನೆಗಳು ಬೇಕಾದಷ್ಟಿವೆ. ಗಂಡಸು ರೊಟ್ಟಿ ಬಡಿದು, ಹೆಂಗಸು ಸ್ಕೂಟಿ ಮೇಲೆ ಆರ್ಡರ್ ಮುಟ್ಟಿಸಿ ದುಡ್ಡು ವಸೂಲಿ ಮಾಡುವ ಮನೆ ನಮ್ಮ ಓಣಿಯಲ್ಲಿ ನಮ್ಮದೊಂದೇ. “ಆರು ತಿಂಗಳು ನಡದ್ರ ಹೇಳು” ಅಂದವರು ಇದನ್ನು ಓದಲಿ. ಎರಡು ವರ್ಷ ದಾಟಿದೆ. ನಾವಿಬ್ಬರೂ ಮದುವೆಯಾದ ಹೊಸತರಲ್ಲಿ ಕೂಡ ಇಷ್ಟು ಮಾತಾಡಿರಲಿಲ್ಲ, ಇಷ್ಟು ನಕ್ಕಿರಲಿಲ್ಲ.

2023ರಲ್ಲಿ ಮಳೆ ಕೈಕೊಟ್ಟು ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಬರಲಿಲ್ಲ. ಲೀಜಿಗೆ ಹಿಡಿದಿದ್ದ ಗದ್ದೆ ಬೀಳುಬಿತ್ತು, ನಮ್ಮನೆಯವರು ಮನೆಯಲ್ಲೇ ಉಳಿದರು. ನಾನಾಗ ದಿನಕ್ಕೆ ಇನ್ನೂರರ ಆಸುಪಾಸು ರೊಟ್ಟಿ ಬಡಿಯುತ್ತಿದ್ದೆ. “ಸ್ವಲ್ಪ ಕೈ ಹಚ್ಚ್ರಿ” ಅಂದೆ, ಹಚ್ಚಿದರು. ಆದರೆ ಏನು, ಎಷ್ಟು, ಯಾವಾಗ ಎಂಬುದೆಲ್ಲ ನನ್ನ ತಲೆಯಲ್ಲೇ ಉಳಿಯಿತು. ಕ್ಯಾಲೆಂಡರಿನ ಮೇಲೆ ಪಾಳಿ ಬರೆದೆವು. ಶ್ರಾವಣದ ಆರ್ಡರ್ ಬಂದ ಕೂಡಲೇ ಪಾಳಿ ಮುರಿದು ಜಗಳವಾಯಿತು. ನಡುವೆ ಸಂಘದ ಸಾಲ ತೆಗೆದು ಹಳೆಯ ರೊಟ್ಟಿ ಮಷಿನ್ ತಂದೆವು, ನಲವತ್ತು ಸಾವಿರದಷ್ಟು. ರೊಟ್ಟಿ ದಪ್ಪ ಬಂತು, ಅಂಚು ಒಡೆಯಿತು, ಖಾನಾವಳಿಯವರು ವಾಪಸ್ ಕಳಿಸಿದರು. ಮಾರುವಾಗ ಹದಿನೈದು ಸಾವಿರ ಕೈಬಿಟ್ಟಿತು.

ಫಲ ಕೊಟ್ಟಿದ್ದು ಪೂರ್ತಿ ಬಿಟ್ಟುಕೊಡುವುದು. ಜೋಳ ಆರಿಸುವುದರಿಂದ ಗಿರಣಿ, ಎಸರು, ಹಂಚಿನವರೆಗೆ ಎಲ್ಲ ಅವರದು. ಹಿಟ್ಟು ಕೆಟ್ಟರೂ ನಾನು ಬಾಯಿ ಹಾಕುವಂತಿಲ್ಲ. ಆರ್ಡರ್, ವಸೂಲಿ, ಬ್ಯಾಂಕ್ ನನ್ನದು, ಅಲ್ಲಿ ಅವರ ಮಾತು ಇಲ್ಲ. ಮೊದಲ ತಿಂಗಳು ದಿನಾ ಒಂದೆರಡು ಕಿಲೋ ಹಿಟ್ಟು ಹಾಳಾಯಿತು. ಅವರನ್ನು ಮೊದಲ ಸಲ ಒಲೆ ಮುಂದೆ ಹೇಗೆ ಕೂರಿಸಿದೆ ಎಂಬುದು ನಮ್ಮಿಬ್ಬರಲ್ಲೇ ಇರಲಿ. ಎಸರಿನ ಗುಟ್ಟೂ ಅಷ್ಟೇ.

ಇದಕ್ಕಿಂತ ದೊಡ್ಡದು ದುಡ್ಡಿನ ಮಾತು. ರೊಟ್ಟಿಗೆ ಏಳು ರೂಪಾಯಿ. ಖರ್ಚು ಕಳೆದು ಉಳಿದದ್ದನ್ನು ಮೂರು ಪಾಲು ಮಾಡುತ್ತೇವೆ: ಒಂದು ಮನೆಗೆ, ಒಂದು ಅವರ ಖಾತೆಗೆ, ಒಂದು ನನ್ನದಕ್ಕೆ. ಒಬ್ಬರ ಪಾಲಿನ ಲೆಕ್ಕ ಇನ್ನೊಬ್ಬರು ಕೇಳುವುದಿಲ್ಲ. ತಿಂಗಳಿಗೆ ತಲಾ ಏಳೆಂಟು ಸಾವಿರ ಬೀಳುತ್ತದೆ. ಗೃಹಲಕ್ಷ್ಮಿಯ 2000 ರೂಪಾಯಿ ಇದರಲ್ಲಿ ಸೇರಿಲ್ಲ, ಅದು ಮಗಳ ಹೆಸರಿಗೆ. ಗದ್ದೆ ಹೋದ ಮೇಲೆ ಹೆಂಡತಿಯ ಕೈ ನೋಡಬೇಕಲ್ಲ ಎಂಬ ಸಂಕಟ ಅವರನ್ನು ಒಳಗೇ ತಿನ್ನುತ್ತಿತ್ತು. ತಮ್ಮ ಖಾತೆ ತುಂಬತೊಡಗಿದ ಮೇಲೆಯೇ ಮುಖ ಅರಳಿತು.

ಅತ್ತಿ ಮಾತ್ರ “ನನ್ನ ಮಗನ್ನ ಒಲಿ ಮುಂದ ಕುಂದ್ರಿಸಿದ್ಯಲ್ಲವ್ವಾ” ಅಂತ ಎಷ್ಟೋ ದಿನ ಮಾತು ಬಿಟ್ಟಿದ್ದರು. ಈಗ ಬೀಗರು ಬಂದರೆ ಮಗನ ರೊಟ್ಟಿಯನ್ನೇ ಮುಂದಿಡುತ್ತಾರೆ. ನನ್ನದಕ್ಕಿಂತ ಅದು ತೆಳು, ನಿಜ.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನಮ್ಮನೆಯವರದೇ ಪ್ರಯೋಗ. ಸಂಕ್ರಾಂತಿಗೆ ಚೆನ್ನಾಗಿ ಹೋಯಿತು, ಆಮೇಲೆ ಕೇಳುವವರಿಲ್ಲ. ಗಂಗಾವತಿಗೆ ಸ್ಯಾಂಪಲ್ ಒಯ್ದಿದ್ದು ಶಕ್ತಿ ಬಸ್ಸಿನಲ್ಲಿ, ಟಿಕೆಟ್ ಖರ್ಚಿಲ್ಲ. ಅಲ್ಲಿ ಎರಡು ಖಾನಾವಳಿ ಗಿರಾಕಿಯಾಗಿ ಸಿಕ್ಕಿವೆ.

ನಿಮ್ಮನೆಯಲ್ಲೂ ಶುರು ಮಾಡುವುದಿದ್ದರೆ ಬೇಸಿಗೆ ಬೇಡ, ನಮ್ಮ ಕಡೆಯ ಬಿಸಿಲಿಗೆ ಹೊಸಬರು ಒಲೆ ಮುಂದೆ ತಾಳುವುದಿಲ್ಲ. ದೀಪಾವಳಿ ಮುಗಿಸಿ ಶುರು ಮಾಡಿ, ಗಂಡನ ಹೆಸರಿನ ಖಾತೆಯನ್ನು ಅದಕ್ಕೂ ಮೊದಲೇ ತೆರೆಸಿ.