ಸೇತುವೆಯಾಚೆಯ ಎಂಟು ದಿನ

ಹವಾಯಿ ದ್ವೀಪಸಮೂಹದ ಕವಾಯಿಯಲ್ಲಿ, ಉತ್ತರ ತೀರದ ಒಂದು ಕಾಂಡೋ ರೆಸಾರ್ಟ್‌ನಲ್ಲಿ, ನಾನೂ ನನ್ನ ಪತಿಯೂ ಅಕ್ಟೋಬರ್ ಮೊದಲ ವಾರವನ್ನು ಕೇಂದ್ರವಾಗಿಟ್ಟುಕೊಂಡು ಎಂಟು ದಿನ ಇದ್ದೆವು. ಕಾಂಡೋ ಎಂಬುದು ಹೋಟೆಲ್ ಅಲ್ಲ. ಒಂದೊಂದು ಮನೆಗೂ ಒಬ್ಬೊಬ್ಬ ಮಾಲೀಕರಿರುತ್ತಾರೆ; ಅವರು ಇಲ್ಲದ ದಿನಗಳಲ್ಲಿ ಮನೆಯನ್ನು ಬಾಡಿಗೆಗೆ ಕೊಡುವ ಕೆಲಸವನ್ನು ಒಂದು ನಿರ್ವಹಣಾ ಸಂಸ್ಥೆ ನೋಡಿಕೊಳ್ಳುತ್ತದೆ. ಬಾಗಿಲು ತೆರೆದುಕೊಂಡು ಒಳಗೆ ಕಾಲಿಟ್ಟ ಕ್ಷಣದಿಂದ ಅಡುಗೆ, ಪಾತ್ರೆ, ಬಟ್ಟೆ, ಕಸ ಎಲ್ಲವೂ ನಮ್ಮ ಪಾಲಿಗೆ ಬರುತ್ತವೆ. ನಮಗೆ ಅಲ್ಲಿ ಸಿಕ್ಕ ಸುಖವೂ ಪಟ್ಟ ಪಾಡೂ ಈ ಒಂದೇ ಸಂಗತಿಯಿಂದ ಹುಟ್ಟಿದವು.

ಬಾಡಿಗೆಯ ವಿಚಾರದಲ್ಲಿ ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಮೊದಲ ಪುಟದಲ್ಲಿ ಕಾಣುವ ದಿನದ ದರವನ್ನು ನಂಬಿ ಲೆಕ್ಕ ಹಾಕಬಾರದು. ರಾಜ್ಯದ ಮತ್ತು ಕೌಂಟಿಯ ತೆರಿಗೆಗಳೂ ಸ್ವಚ್ಛತೆಯ ಶುಲ್ಕವೂ ಕೊನೆಯ ಪುಟದಲ್ಲಿ ಸೇರಿಕೊಳ್ಳುತ್ತವೆ. ಸ್ವಚ್ಛತೆಯ ಶುಲ್ಕ ಎರಡು ರಾತ್ರಿಗೂ ಹತ್ತು ರಾತ್ರಿಗೂ ಒಂದೇ ಆಗಿದ್ದುದರಿಂದ, ನಾಲ್ಕು ದಿನದ ಯೋಜನೆಯನ್ನು ನಾವು ಎಂಟಕ್ಕೆ ಹಿಗ್ಗಿಸಿದೆವು. ಹಣ ಕಟ್ಟುವ ಮುನ್ನ ಇಮೇಲ್‌ನಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದ್ದೆ: ಮನೆ ಎಷ್ಟನೆಯ ಮಹಡಿಯಲ್ಲಿದೆ, ಹವಾನಿಯಂತ್ರಣ ಇದೆಯೇ ಅಥವಾ ಫ್ಯಾನ್ ಮಾತ್ರವೇ, ಮಳೆಗೆ ರಸ್ತೆ ಮುಚ್ಚಿದರೆ ಏನು ಮಾಡಬೇಕು. ಮೂರನೆಯ ಪ್ರಶ್ನೆಗೆ ಬಂದ ಉತ್ತರ ಒಂದೇ ಸಾಲಿನದು: ಮೂರು ದಿನಕ್ಕಾಗುವಷ್ಟು ದಿನಸಿ ಸದಾ ಮನೆಯಲ್ಲಿರಲಿ.

ಆ ಸಾಲಿನ ಅರ್ಥ ರಸ್ತೆಯನ್ನು ಕಂಡ ಮೇಲೆ ತಿಳಿಯಿತು. ಲಿಹುಯೆ ವಿಮಾನ ನಿಲ್ದಾಣದಿಂದ ಹೊರಡುವ ಹೆದ್ದಾರಿ ಪ್ರಿನ್ಸ್‌ವಿಲ್ ದಾಟಿದ ಮೇಲೆ ಹನಲೇ ನದಿಯ ಕಣಿವೆಗೆ ಇಳಿಯುತ್ತದೆ. ಅಲ್ಲಿರುವುದು 1912ರಲ್ಲಿ ಕಟ್ಟಿದ, ಒಂದೇ ವಾಹನ ಹಿಡಿಸುವಷ್ಟು ಅಗಲದ ಉಕ್ಕಿನ ಸೇತುವೆ. ಅದರಾಚೆಗೂ ಇಂಥ ಒಂಟಿ ಪಥದ ಸೇತುವೆಗಳು ಒಂದರ ಹಿಂದೊಂದು ಬರುತ್ತವೆ. ಐದಾರು ಕಾರುಗಳು ಸಾಲಾಗಿ ದಾಟಿದ ಬಳಿಕ ನಿಂತು ಎದುರಿನವರಿಗೆ ದಾರಿ ಬಿಡುವುದು ಅಲ್ಲಿನ ಸೌಜನ್ಯ. ನಾಪಾಲಿಯ ಕಡಿದಾದ ಬಂಡೆಗೋಡೆಗಳು ಅಡ್ಡ ಬರುವುದರಿಂದ ರಸ್ತೆ ದ್ವೀಪವನ್ನು ಸುತ್ತುವುದೇ ಇಲ್ಲ, ಕೇಯೆ ಕಡಲತೀರದಲ್ಲಿ ಮುಗಿದುಹೋಗುತ್ತದೆ. ನದಿ ಉಕ್ಕಿದಾಗ ಸೇತುವೆಯನ್ನು ಮುಚ್ಚುತ್ತಾರೆ. 2018ರ ಏಪ್ರಿಲ್ 14 ಮತ್ತು 15ರಂದು ಇದೇ ತೀರದ ವಾಯ್ಪಾ ಎಂಬಲ್ಲಿ 24 ಗಂಟೆಗಳಲ್ಲಿ 49.69 ಅಂಗುಲ ಮಳೆ ಸುರಿದು ಅಮೆರಿಕದ ದಾಖಲೆಯಾಯಿತು. ರಸ್ತೆ ಕುಸಿದು, ಅದರ ತುದಿಯಲ್ಲಿರುವ ಹಾಯೆನಾ ಉದ್ಯಾನ ಮತ್ತೆ ತೆರೆದದ್ದು 2019ರ ಜೂನ್‌ನಲ್ಲಿ. ನಾವು ಹಣ ಕೊಟ್ಟು ಪಡೆದ ಏಕಾಂತ ಈ ಇಕ್ಕಟ್ಟು ಸೇತುವೆಗಳು ಕಾಯ್ದುಕೊಟ್ಟದ್ದು.

ನಾವು ತಲುಪಿದ್ದು ರಾತ್ರಿ ಒಂಬತ್ತರ ಮೇಲೆ, ಮಳೆಯಲ್ಲಿ. ಬಾಗಿಲಿಗೆ ಅಂಕಿ ಒತ್ತುವ ಬೀಗವಿತ್ತು, ಮತ್ತು ನನ್ನ ಬಳಿಯಿದ್ದ ಅಂಕಿಗೆ ಅದು ತೆರೆಯಲಿಲ್ಲ. ಹಿಂದಿನ ದಿನ ಬಂದ ಇಮೇಲ್‌ನಲ್ಲಿ ಹೊಸ ಅಂಕಿ ಇತ್ತು. ವಿಮಾನಗಳ ಗಡಿಬಿಡಿಯಲ್ಲಿ ನಾನು ಅದನ್ನು ತೆರೆದೇ ಇರಲಿಲ್ಲ, ಮನೆ ಬಾಗಿಲಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಐದು ಕಿಲೋಮೀಟರ್ ಹಿಂದಕ್ಕೆ ಹೋಗಿ, ಇಮೇಲ್ ಓದಿ, ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡು ಬರುವಷ್ಟರಲ್ಲಿ ಹತ್ತು ದಾಟಿತ್ತು. ಅಂದಿನಿಂದ ಇಂಥ ವಿವರಗಳನ್ನು ಕಾಗದದ ಮೇಲೆ ಬರೆದೇ ಹೊರಡುತ್ತೇನೆ.

ಸಮುದ್ರದ ಮಗ್ಗುಲಿನ ಮನೆಯಲ್ಲಿ ಯಾವ ವಸ್ತುವೂ ಪೂರ್ತಿ ಒಣಗುವುದಿಲ್ಲ. ಉಪ್ಪು ಗಟ್ಟಿಯಾಗಿ ಡಬ್ಬಿಯ ತೂತುಗಳನ್ನು ಮುಚ್ಚಿಕೊಂಡಿತು, ಎರಡು ದಿನ ತೂಗುಹಾಕಿದ ಟವೆಲ್ ಮೂರನೆಯ ದಿನ ಮುಗ್ಗಲು ವಾಸನೆ ಹಿಡಿಯಿತು. ಹವಾನಿಯಂತ್ರಣ ಇರಲಿಲ್ಲ, ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಪಟ್ಟಿಪಟ್ಟಿಯಾದ ಗಾಜಿನ ಕಿಟಕಿಗಳಿಂದ ಒಳಗೆ ಬಂದು ಆಚೆ ಬದಿಯಿಂದ ಹೊರಟುಹೋಗುತ್ತಿತ್ತು. ಗಾಳಿ ನಿಂತ ಒಂದು ರಾತ್ರಿ ಮಾತ್ರ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಕೋಳಿಗಳು ಕೂಗಲು ಶುರುಮಾಡುತ್ತವೆ. ದ್ವೀಪದ ತುಂಬ ಒಡೆಯರಿಲ್ಲದ ಕೋಳಿಗಳಿವೆ. 1992ರ ಸೆಪ್ಟೆಂಬರ್ 11ರ ಇನಿಕಿ ಚಂಡಮಾರುತ ಗೂಡುಗಳನ್ನು ಮುರಿದು ಅವುಗಳನ್ನು ಬಿಡುಗಡೆ ಮಾಡಿತೆಂದು ಅಲ್ಲಿನವರು ಹೇಳುತ್ತಾರೆ. ಕಿವಿಗೆ ಹತ್ತಿಯನ್ನು ಕೊಂಡೊಯ್ಯುವುದೊಂದೇ ಇದಕ್ಕೆ ಉಪಾಯ.

ಇನ್ನು ಕಡಲು. ಮನೆಯ ಮುಂದೆಯೇ ನೀರಿದ್ದರೂ ಅಲ್ಲಿ ಜೀವರಕ್ಷಕರಿಲ್ಲ. ಅವರಿರುವುದು ಹನಲೇ, ಹಾಯೆನಾದಂಥ ಸಾರ್ವಜನಿಕ ತೀರಗಳಲ್ಲಿ. ಉತ್ತರ ಪೆಸಿಫಿಕ್‌ನ ಬಿರುಗಾಳಿಗಳು ಎಬ್ಬಿಸುವ ಅಲೆಗಳು ಚಳಿಗಾಲದುದ್ದಕ್ಕೂ ಈ ತೀರಕ್ಕೆ ಬಂದು ಅಪ್ಪಳಿಸುತ್ತವೆ, ಬೇಸಿಗೆಯಲ್ಲಿ ಅದೇ ನೀರು ಕೆರೆಯಂತೆ ಮಲಗಿರುತ್ತದೆ, ಅಕ್ಟೋಬರ್ ಇವೆರಡರ ನಡುವಿನ ಹೊಸ್ತಿಲು. ಮೊದಲ ಮೂರು ದಿನ ಹವಳದ ದಿಬ್ಬದ ಒಳಮಗ್ಗುಲಲ್ಲಿ ಸೊಂಟದುದ್ದದ ನೀರಿನಲ್ಲಿ ಮುಖವಾಡ ಹಾಕಿಕೊಂಡು ಮೀನು ನೋಡಿದೆವು. ಹವಳಕ್ಕೆ ಹಾನಿ ಮಾಡುತ್ತವೆಂದು ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಾಯಿ 2021ರ ಜನವರಿ 1ರಿಂದ ನಿಷೇಧಿಸಿದೆ. ನಾವು ಅದರ ಗೊಡವೆಗೆ ಹೋಗದೆ ತುಂಬುತೋಳಿನ ಈಜುಡುಪನ್ನೇ ತೊಟ್ಟೆವು.

ನೀರಿಗಿಳಿಯುವ ಮುಂಚೆ ಇಪ್ಪತ್ತು ನಿಮಿಷ ಜಗಲಿಯಲ್ಲಿ ಕುಳಿತು ನೋಡುವುದು ನಾವು ಹಾಕಿಕೊಂಡ ಕಟ್ಟಳೆಯಾಗಿತ್ತು. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ ಹತ್ತು ಹದಿನೈದು ನಿಮಿಷ ಎಲ್ಲ ಶಾಂತವಾಗಿ ಕಾಣುವುದುಂಟು. ಐದೇ ನಿಮಿಷ ನೋಡಿದವರು ಆ ಶಾಂತಿಯನ್ನಷ್ಟೇ ಕಂಡು ಇಳಿದುಬಿಡುತ್ತಾರೆ. ದಿಬ್ಬವನ್ನು ದಾಟಿ ಒಳಗೆ ನುಗ್ಗಿದ ನೀರು ಎಲ್ಲಿಂದಾದರೂ ಹೊರಗೆ ಹೋಗಲೇಬೇಕು. ಅದು ಹೋಗುವುದು ದಿಬ್ಬದಲ್ಲಿ ಬಿರುಕಿರುವ ಜಾಗದಿಂದ. ಅಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ, ಬಣ್ಣ ಗಾಢ ನೀಲಿ. ಈಜಲು ಬಾರದವರ ಕಣ್ಣಿಗೆ ಇಡೀ ತೀರದಲ್ಲಿ ಅದೇ ಅತ್ಯಂತ ಸುರಕ್ಷಿತ ಜಾಗವೆಂದು ತೋರುತ್ತದೆ, ಸೆಳವು ಇರುವುದು ಅಲ್ಲೇ. ನಮ್ಮ ಮನೆಯ ಎಡಕ್ಕೆ ಎರಡು ತೆಂಗಿನ ಮರಗಳ ನೇರಕ್ಕೆ ಅಂಥದೊಂದು ಕಂಡಿ ಇತ್ತು. ತೇಲಿಬಂದ ಒಂದು ಒಣಗರಿ ಆ ಕಂಡಿಯನ್ನು ಸೇರಿದ್ದೇ ತಡ, ನಾವು ಚಹಾ ಕುಡಿದು ಮುಗಿಸುವುದರೊಳಗೆ ದಿಬ್ಬದಾಚೆಗೆ ಹೋಗಿ ಕಣ್ಮರೆಯಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಸದ್ದೇ ಬೇರೆಯಾಗಿತ್ತು. ಹಿಂದಿನ ದಿನ ಗುಟುಗುಡುತ್ತಿದ್ದ ನೀರು ಈಗ ನೆಲವನ್ನು ಗುದ್ದುತ್ತಿತ್ತು, ಜಗಲಿಯ ಮೇಜಿನ ಮೇಲಿಟ್ಟ ಲೋಟದೊಳಗಿನ ನೀರು ನಡುಗುತ್ತಿತ್ತು. ನನ್ನವರು ಆಗಲೇ ಮುಖವಾಡ ಹಿಡಿದು ನಿಂತಿದ್ದರು. "ಇವತ್ತು ಬೇಡ ರೀ, ಬಣ್ಣ ನೋಡಿ," ಎಂದೆ. ಕಂಡಿಯ ಬಾಯಿ ಮರಳು ಕದಡಿ ಕಂದಾಗಿ, ಕಡಲೊಳಕ್ಕೆ ಉದ್ದನೆಯ ನಾಲಗೆಯಂತೆ ಚಾಚಿಕೊಂಡಿತ್ತು. ಅಲ್ಲಿಂದ ಮುಂದಿನ ನಾಲ್ಕು ದಿನವೂ ನಾವು ನೀರಿಗಿಳಿಯಲಿಲ್ಲ. ಅಷ್ಟು ಖರ್ಚು ಮಾಡಿ ಬಂದು ಇಳಿಯದಿರುವುದು ನನ್ನವರಿಗೆ ಒಂದು ದಿನದ ಮಟ್ಟಿಗೆ ಮುನಿಸನ್ನೇ ತಂದಿತ್ತು.

ಆ ಮುನಿಸನ್ನು ಕಳೆದದ್ದು ಹವಾಯಿಯ ಮಾಂಕ್ ಸೀಲ್ ಎಂಬ ಒಂದು ಕಡಲ ಸಸ್ತನಿ. ಜಗತ್ತಿನಲ್ಲಿ ಸುಮಾರು 1,600ರಷ್ಟೇ ಉಳಿದಿರುವ ಈ ಜೀವಿ ನಮ್ಮ ಮೆಟ್ಟಿಲಿನಿಂದ ಕೂಗಳತೆಯ ದೂರದಲ್ಲಿ ಮರಳ ಮೇಲೆ ಹೊರಳಿ ಮಲಗಿತು. ಸ್ವಲ್ಪ ಹೊತ್ತಿನಲ್ಲಿ ಇಬ್ಬರು ಸ್ವಯಂಸೇವಕರು ಬಂದು ಗೂಟ ನೆಟ್ಟು ಹಗ್ಗ ಕಟ್ಟಿದರು. ಸೀಲ್‌ನಿಂದ ಕನಿಷ್ಠ 50 ಅಡಿ, ಆಮೆಯಿಂದ 10 ಅಡಿ ದೂರವಿರಬೇಕೆಂದು ತಿಳಿಸಿದರು. ಅದು ಮೂಗಿನ ಹೊಳ್ಳೆಗಳನ್ನು ಮುಚ್ಚಿ ಬಹಳ ಹೊತ್ತಿನ ಮೇಲೆ ಫೂತ್ಕರಿಸಿ ಉಸಿರು ಬಿಡುವುದನ್ನು ನೋಡುತ್ತ ಮಧ್ಯಾಹ್ನವಿಡೀ ಕುಳಿತೆವು. ದಾರಿಹೋಕರೂ ನಿಂತು ನೋಡಿದರು. ಹವಾಯಿಯಲ್ಲಿ ಅಲೆ ಏರಿಬರುವ ಎಲ್ಲೆಯವರೆಗಿನ ತೀರ ಸಾರ್ವಜನಿಕ. ಜಾಹೀರಾತಿನಲ್ಲಿ ಯಾರಾದರೂ ಖಾಸಗಿ ಕಡಲತೀರ ಎಂದು ಬರೆದರೆ ನಗಬಹುದು.

ಮನೆಯ ಕಡತದಲ್ಲಿ ಸುನಾಮಿಯ ದಾರಿಯ ನಕ್ಷೆ ಇತ್ತು. 1946 ಮತ್ತು 1957ರಲ್ಲಿ ಅಲ್ಯೂಷಿಯನ್ ದ್ವೀಪಗಳ ಭೂಕಂಪಗಳಿಂದ ಎದ್ದ ಅಲೆಗಳು ಈ ತೀರವನ್ನು ಹೊಡೆದಿದ್ದವು. ಎತ್ತರದ ಜಾಗಕ್ಕೆ ಹೋಗುವ ಹಾದಿಯನ್ನು ಹಗಲಲ್ಲೇ ಒಮ್ಮೆ ನಡೆದು ನೋಡಿದೆವು. ಪ್ರತಿ ತಿಂಗಳ ಮೊದಲ ಕೆಲಸದ ದಿನ 11.45ಕ್ಕೆ ರಾಜ್ಯದಾದ್ಯಂತ ಸೈರನ್ ಪರೀಕ್ಷೆ ನಡೆಯುತ್ತದೆಂದು ಅದೇ ಕಡತದಲ್ಲಿ ಓದಿರದಿದ್ದರೆ, ಆ ದಿನ ಒಲೆಯ ಮೇಲಿನ ಅನ್ನವನ್ನು ಬಿಟ್ಟು ಓಡುತ್ತಿದ್ದೆ. ಇನ್ನೊಂದು ಚೀಟಿ ರಾತ್ರಿ ಹೊರಗಿನ ದೀಪಗಳನ್ನು ಆರಿಸಲು ಕೋರಿತ್ತು. ಆ ಋತುವಿನಲ್ಲಿ ಗೂಡಿನಿಂದ ಮೊದಲ ಸಲ ಕಡಲಿಗೆ ಹಾರುವ ಶಿಯರ್‌ವಾಟರ್ ಎಂಬ ಕಡಲಹಕ್ಕಿಯ ಮರಿಗಳು ಬೆಳಕಿಗೆ ಮರುಳಾಗಿ ನೆಲಕ್ಕೆ ಬೀಳುತ್ತವೆ. ದೀಪ ಆರಿಸಿದ ಜಗಲಿಯಲ್ಲಿ ನಮಗೆ ಕ್ಷೀರಪಥ ಕಂಡದ್ದು ಆ ಹಕ್ಕಿಗಳ ದೆಸೆಯಿಂದ.

ಹಾಯೆನಾ ಉದ್ಯಾನಕ್ಕೆ ಹವಾಯಿಯ ಹೊರಗಿನವರು ಮುಂಗಡವಾಗಿ ಸ್ಥಳ ಕಾಯ್ದಿರಿಸಬೇಕು, 30 ದಿನ ಮೊದಲು ಅವಕಾಶ ತೆರೆಯುತ್ತದೆ. ನಾವು ಹೊರಡುವ ವಾರ ಪ್ರಯತ್ನಿಸಿದೆವು, ಸಿಗಲಿಲ್ಲ; ಅಷ್ಟೇ.

ಹೊರಡುವ ಹಿಂದಿನ ಸಂಜೆ ಫ್ರಿಜ್‌ನಲ್ಲಿ ನಾಲ್ಕು ಪಪಾಯ ಉಳಿದಿದ್ದವು. ದ್ವೀಪದಿಂದ ಮುಖ್ಯನಾಡಿಗೆ ಹೋಗುವ ಪೆಟ್ಟಿಗೆಗಳನ್ನು ಕೃಷಿ ಇಲಾಖೆಯವರು ವಿಮಾನ ನಿಲ್ದಾಣದಲ್ಲಿ ತಪಾಸಿಸುತ್ತಾರೆ, ಸಂಸ್ಕರಿಸದ ಪಪಾಯವನ್ನು ಬಿಡುವುದಿಲ್ಲ. ಎರಡನ್ನು ಪಕ್ಕದ ಮನೆಯವರಿಗೆ ಕೊಟ್ಟು ಎರಡನ್ನು ಜಗಲಿಯಲ್ಲೇ ತಿಂದೆವು. ಪಾತ್ರೆ ತೊಳೆದು, ಕಸ ಹಾಕಿ, ಹಾಸಿಗೆಯ ಹೊದಿಕೆಗಳನ್ನು ಯಂತ್ರದ ಬಳಿ ಇಟ್ಟು ಬಾಗಿಲೆಳೆದುಕೊಂಡಾಗ ನನ್ನವರ ಈಜುಡುಪು ಇನ್ನೂ ಒದ್ದೆಯಾಗಿತ್ತು. ನಾಲ್ಕು ದಿನದಿಂದ ಅದನ್ನು ಯಾರೂ ತೊಟ್ಟಿರಲಿಲ್ಲ.